ಸ್ಕಿಜೋಫ್ರೇನಿಯಾ ಇರುವವರ ಮೈ ಆರೋಗ್ಯ: ಮನೆಯವರು ಏನೇನು ನೋಡಿಕೊಳ್ಳಬೇಕು?

"ಮಾತ್ರೆ ಶುರುವಾದ ಮೇಲೆ ಮಗ ಹನ್ನೆರಡು ಕೆಜಿ ದಪ್ಪ ಆಗಿದ್ದಾನೆ. ಈಗ ಮಾತುಕತೆ ಎಲ್ಲಾ ಸರಿಯಾಗಿದೆಯಲ್ಲ, ಮಾತ್ರೆ ನಿಲ್ಲಿಸಬಹುದಾ?"

ಅರಕಲಗೂಡಿನಿಂದ ಒಬ್ಬರು ತಾಯಿ ಕೇಳುತ್ತಾರೆ. ಕಡೂರಿನಿಂದ ಒಬ್ಬರು ಅಣ್ಣ ಕೇಳುತ್ತಾರೆ. ಮೂಡಿಗೆರೆಯಿಂದ ಗಂಡನನ್ನು ನೋಡಿಕೊಳ್ಳುತ್ತಿರುವ ಹೆಣ್ಣುಮಗಳು ಕೇಳುತ್ತಾರೆ. ಊರು ಬೇರೆ, ಪ್ರಶ್ನೆ ಒಂದೇ. ಅದಕ್ಕೇ ಎಲ್ಲರಿಗೂ ಸೇರಿಸಿ ಒಂದೇ ಕಡೆ ಬರೆಯುತ್ತಿದ್ದೇನೆ.

ನಿಲ್ಲಿಸಬೇಡಿ. ಮೊದಲ ಉತ್ತರ ಅಷ್ಟೇ. ಆದರೆ "ದಪ್ಪ ಆದರೆ ಆಗಲಿ ಬಿಡಿ" ಅಂತ ಸುಮ್ಮನೆ ಕೂರಲೂಬೇಡಿ. ನಿಲ್ಲಿಸುವುದಕ್ಕೂ ಸುಮ್ಮನೆ ಕೂರುವುದಕ್ಕೂ ನಡುವೆ ಮಾಡಬಹುದಾದ ಕೆಲಸ ಬಹಳ ಇದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ನಾನು ಡಾಕ್ಟರಲ್ಲ. ಸಕಲೇಶಪುರ ತಾಲ್ಲೂಕಿನವಳು. ಹದಿನಾರು ವರ್ಷದಿಂದ ತಮ್ಮನನ್ನು ನೋಡಿಕೊಳ್ಳುತ್ತಿದ್ದೇನೆ. ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು, ಡಾಕ್ಟರನ್ನೂ ನರ್ಸನ್ನೂ ಕಾಡಿಸಿ ಕೇಳಿ ಕಲಿತಿದ್ದು ಇದು. ಔಷಧಿ ಬದಲಿಸುವ ತೀರ್ಮಾನ ಏನಿದ್ದರೂ ನಿಮ್ಮ ಡಾಕ್ಟರದ್ದೇ.

ಮೊದಲು ಇದಿಷ್ಟು ತಿಳಿದಿರಲಿ

ಸ್ಕಿಜೋಫ್ರೇನಿಯಾ ಅಂದರೆ ಇಲ್ಲದ ದನಿ ಕೇಳಿಸುವುದು, ಯಾರೋ ತನಗೆ ಕೇಡು ಮಾಡುತ್ತಿದ್ದಾರೆ ಅಂತ ಗಟ್ಟಿಯಾಗಿ ನಂಬುವುದು, ಮಾತಿನ ಎಳೆ ತಪ್ಪುವುದು, ಯಾವುದರಲ್ಲೂ ಉತ್ಸಾಹ ಇಲ್ಲದಂತಾಗುವುದು. ಇದಿಷ್ಟು ನಿಮಗೆ ಗೊತ್ತೇ ಇದೆ. ಜಾಸ್ತಿ ಜನಕ್ಕೆ ಗೊತ್ತಿಲ್ಲದ ಸಂಗತಿ ಬೇರೆ ಇದೆ. ಈ ಕಾಯಿಲೆ ಇರುವವರ ಆಯಸ್ಸು ಸರಾಸರಿ 10ರಿಂದ 20 ವರ್ಷ ಕಡಿಮೆ. ಹೆಚ್ಚಿನವರು ತೀರಿಕೊಳ್ಳುವುದು ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಶ್ವಾಸಕೋಶದ ತೊಂದರೆ, ಸೋಂಕು, ಇಂಥವುಗಳಿಂದ. ಬೇಗ ಕಂಡುಹಿಡಿದರೆ ಇವುಗಳಲ್ಲಿ ಬಹುಪಾಲಿಗೆ ನಮ್ಮ ಜಿಲ್ಲೆಯಲ್ಲೇ ಚಿಕಿತ್ಸೆ ಇದೆ.

ಕಾರಣ ಒಂದಲ್ಲ. ಕೆಲವು ಮಾತ್ರೆ ಹಸಿವು ಹೆಚ್ಚಿಸುತ್ತವೆ. ಬೀಡಿ ಸಿಗರೇಟು ಜಾಸ್ತಿ. ಓಡಾಟ ಕಡಿಮೆ. ನೋವಾದರೆ ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೂ "ಇವನು ಯಾವಾಗಲೂ ಹೀಗೇ" ಅಂತ ನಾವೇ ತಳ್ಳಿಹಾಕುತ್ತೇವೆ.

ಹಾಗಾದರೆ ಮಾತ್ರೆಯೇ ಶತ್ರುವಾ? ಫಿನ್ಲೆಂಡ್ ದೇಶದಲ್ಲಿ ಈ ಕಾಯಿಲೆಯ 62,250 ಜನರ ದಾಖಲೆಗಳನ್ನು 20 ವರ್ಷದವರೆಗೆ ಹಿಂಬಾಲಿಸಿ ನೋಡಿದರು. ಮಾತ್ರೆ ಇಲ್ಲದೆ ಇದ್ದಾಗ ಸಾವು ಜಾಸ್ತಿ, ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ ಕಡಿಮೆ ಅಂತ ಕಂಡಿತು. ತೂಕ ಹೆಚ್ಚಿಸುವುದರಲ್ಲಿ ಮುಂದಿರುವ ಕ್ಲೋಜಪಿನ್ ತೆಗೆದುಕೊಂಡವರಲ್ಲೇ ಸಾವು ಎಲ್ಲಕ್ಕಿಂತ ಕಡಿಮೆ ಇತ್ತು. ಇದು ಪೂರಾ ಮಾತ್ರೆಯ ಗುಣವೇ ಅಂತ ಹೇಳಲಾಗದು. ಮಾತ್ರೆ ತಪ್ಪಿಸದವರು ಆಸ್ಪತ್ರೆಗೂ ಹೋಗುತ್ತಿರುತ್ತಾರೆ, ಊಟ ನಿದ್ದೆಯೂ ಒಂದು ದಾರಿಯಲ್ಲಿರುತ್ತದೆ. ಆದರೂ ತೂಕಕ್ಕೆ ಹೆದರಿ ಮಾತ್ರೆ ಬಿಡಿಸುವವರು ಒಮ್ಮೆ ಇದನ್ನು ಯೋಚಿಸಲಿ.

ಬೇಕಾಗುವ ಸಾಮಾನು

ಇನ್ನೂರು ಪುಟದ ಒಂದು ನೋಟ್‌ಬುಕ್. ಬಟ್ಟೆ ಹೊಲಿಯುವವರ ಅಳತೆ ಟೇಪು. ಒಂದು ಥರ್ಮಾಮೀಟರು. ರಿಪೋರ್ಟು ಹಾಕಿಡಲು ಪ್ಲಾಸ್ಟಿಕ್ ಫೈಲು, ಯಾಕೆಂದರೆ ನಮ್ಮ ಮಳೆಗೆ ಕಾಗದ ಉಳಿಯುವುದಿಲ್ಲ. ಅನುಕೂಲ ಇದ್ದರೆ ತೂಕದ ಯಂತ್ರ ಮತ್ತು ರೆಟ್ಟೆಗೆ ಕಟ್ಟುವ ಬಿಪಿ ಯಂತ್ರ. ಇಲ್ಲದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡನ್ನೂ ನೋಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಒಬ್ಬರು "ಇದು ನನ್ನ ಕೆಲಸ" ಅಂತ ವಹಿಸಿಕೊಳ್ಳಬೇಕು. ಎಲ್ಲರೂ ನೋಡಿಕೊಳ್ಳುತ್ತಾರೆ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಹಂತ 1: ಮಾತ್ರೆಯ ನಿಜವಾದ ಹೆಸರು ಬರೆದಿಡಿ

"ಬಿಳಿ ಮಾತ್ರೆ ರಾತ್ರಿ ಒಂದು, ಹಳದಿ ಮಾತ್ರೆ ಅರ್ಧ" ಅಂತ ಹೇಳಿದರೆ ತುರ್ತಿನಲ್ಲಿ ಯಾವ ಡಾಕ್ಟರಿಗೂ ಉಪಯೋಗವಿಲ್ಲ. ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಕಂಪನಿ ಇಟ್ಟ ಹೆಸರು ಇರುತ್ತದೆ. ಅದರ ಹತ್ತಿರವೇ ಔಷಧಿಯ ನಿಜವಾದ ಹೆಸರೂ ಇರುತ್ತದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾವತ್ತು ಶುರುವಾಯಿತು, ಇಷ್ಟು ಬರೆಯಿರಿ. ತಿಂಗಳಿಗೊಮ್ಮೆ ಇಂಜೆಕ್ಷನ್ ಹಾಕಿಸುತ್ತಿದ್ದರೆ ಅದನ್ನೂ ಬರೆಯಿರಿ. ಸುಮಾರು ಜನ ಇಂಜೆಕ್ಷನ್ನನ್ನು ಔಷಧಿ ಪಟ್ಟಿಗೆ ಸೇರಿಸುವುದೇ ಇಲ್ಲ.

ಯಾವ ಮಾತ್ರೆ ಮೈಯಲ್ಲಿ ಏನು ಮಾಡಬಹುದು ಅನ್ನುವುದು ಸ್ಥೂಲವಾಗಿ ಹೀಗಿದೆ. ಒಲಾಂಜಪಿನ್ ಮತ್ತು ಕ್ಲೋಜಪಿನ್‌ನಲ್ಲಿ ತೂಕ, ಸಕ್ಕರೆ, ಕೊಬ್ಬು ಏರುವುದು ಜಾಸ್ತಿ. ರಿಸ್ಪೆರಿಡೋನ್, ಕ್ವಟಯಾಪಿನ್ ನಡುವಿನವು. ಅರಿಪಿಪ್ರಜೋಲ್‌ನಲ್ಲಿ ಈ ತೊಂದರೆ ಕಡಿಮೆ. ಹ್ಯಾಲೋಪೆರಿಡಾಲ್‌ನಲ್ಲಿ ತೂಕ ಅಷ್ಟು ಏರದಿದ್ದರೂ ಕೈ ನಡುಕ, ಮೈ ಬಿಗಿತ ಜಾಸ್ತಿ. ಆ ಬಿಗಿತಕ್ಕೆ ಅಂತ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ.

ಈ ಪಟ್ಟಿ ನೋಡಿ "ನಮಗೂ ಅರಿಪಿಪ್ರಜೋಲ್ ಕೊಡಿ" ಅಂತ ಹಟ ಹಿಡಿಯಬೇಡಿ. ಒಬ್ಬರ ಮನಸ್ಸನ್ನು ಹಿಡಿದು ನಿಲ್ಲಿಸಿದ ಮಾತ್ರೆ ಇನ್ನೊಬ್ಬರಿಗೆ ಕೆಲಸವೇ ಮಾಡದೆ ಹೋಗಬಹುದು. ಕೇಳಬೇಕಾದದ್ದು ಹೀಗೆ: "ಡಾಕ್ಟ್ರೇ, ತೂಕ ಇಷ್ಟು ಏರಿದೆ, ಬರೆದಿಟ್ಟಿದ್ದೇನೆ. ಡೋಸ್ ಕಡಿಮೆ ಮಾಡುವುದು, ಮಾತ್ರೆ ಬದಲಿಸುವುದು ಅಥವಾ ತೂಕಕ್ಕೆ ಮೆಟ್‌ಫಾರ್ಮಿನ್ ಸೇರಿಸುವುದು, ಇವುಗಳಲ್ಲಿ ಯಾವುದಾದರೂ ಸಾಧ್ಯವಾ?" ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಯ ಮಾತ್ರೆ. ಈ ಔಷಧಿಗಳಿಂದ ಏರುವ ತೂಕವನ್ನು ತಡೆಯಲೂ ಡಾಕ್ಟರುಗಳು ಅದನ್ನು ಬಳಸುತ್ತಾರೆ.

ಹಂತ 2: ಮೊದಲ ದಿನದ ಅಳತೆ

ಮಾತ್ರೆ ಶುರುವಾಗುವ ದಿನವೇ, ತಪ್ಪಿದರೆ ಇವತ್ತೇ, ತೂಕ ಮತ್ತು ಸೊಂಟದ ಸುತ್ತಳತೆ ಬರೆದಿಡಿ. ಎಲ್ಲಿಂದ ಶುರುವಾಯಿತು ಅಂತ ಗೊತ್ತಿಲ್ಲದಿದ್ದರೆ ಎಷ್ಟು ಏರಿತು ಅಂತ ಹೇಳುವುದು ಹೇಗೆ, ಅಲ್ವಾ?

ಟೇಪು ಹಿಡಿಯುವ ಜಾಗ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮಧ್ಯೆ, ಹೆಚ್ಚುಕಡಿಮೆ ಹೊಕ್ಕುಳ ಮಟ್ಟ. ಪ್ಯಾಂಟಿನ ಸೈಜು ನಂಬಬೇಡಿ, ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಉಸಿರು ಬಿಟ್ಟ ಮೇಲೆ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಇದು ನಮ್ಮ ಭಾರತೀಯರ ಲೆಕ್ಕ. ನಮಗೆ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಸೇರುತ್ತದೆ, ಅದಕ್ಕೇ ಬಿಳಿಯರ ಲೆಕ್ಕಕ್ಕಿಂತ ಬಿಗಿ.

ಮೊದಲ ಆರು ವಾರ ವಾರಕ್ಕೊಮ್ಮೆ ತೂಕ ನೋಡಿ, ಆಮೇಲೆ ತಿಂಗಳಿಗೊಮ್ಮೆ ಸಾಕು. ತೂಕ ಜಾಸ್ತಿ ಏರುವುದು ಮೊದಲ ಕೆಲವು ತಿಂಗಳಲ್ಲೇ. ಶುರುವಿನ ತೂಕಕ್ಕಿಂತ ನೂರಕ್ಕೆ ಐದರಷ್ಟು ಏರಿದರೆ ಡಾಕ್ಟರಿಗೆ ಹೇಳಬೇಕು. 60 ಕೆಜಿ ಇದ್ದವರಿಗೆ ಅದು 3 ಕೆಜಿ. ಹನ್ನೆರಡು ಕೆಜಿ ಆಗುವವರೆಗೆ ಕಾಯಬೇಡಿ. ಏರುತ್ತಿರುವುದನ್ನು ತಡೆಯುವುದು ಸುಲಭ, ಏರಿದ್ದನ್ನು ಇಳಿಸುವುದು ಬಹಳ ಕಷ್ಟ.

ರಕ್ತ ಪರೀಕ್ಷೆ ಮೂರು ಸಲ ಮುಖ್ಯ: ಶುರುವಿನಲ್ಲಿ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ನೋಡಬೇಕಾದದ್ದು ಸಕ್ಕರೆ, ಕೊಬ್ಬು, ಜೊತೆಗೆ ಬಿಪಿ. ಇಸಿಜಿ ಬೇಕಾ ಅಂತಲೂ ಡಾಕ್ಟರನ್ನು ಕೇಳಿ. ಖಾಲಿ ಹೊಟ್ಟೆಯ ಸಕ್ಕರೆ 100ರ ಕೆಳಗಿದ್ದರೆ ಸರಿ. 100ರಿಂದ 125 ಅಂದರೆ ಗಡಿಯಲ್ಲಿದೆ. 126 ಮತ್ತು ಮೇಲೆ ಅಂದರೆ ಸಕ್ಕರೆ ಕಾಯಿಲೆ ಅಂತ ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡುತ್ತಾರೆ.

ಇಲ್ಲಿ ನಮ್ಮ ಕಡೆಯವರು ಮಾಡುವ ತಪ್ಪೊಂದಿದೆ. ಬೆಳಗ್ಗೆ ಆರರ ಬಸ್ಸಿಗೆ ಹೊರಡುವಾಗ "ತಿಂಡಿ ತಿಂದಿಲ್ಲ, ಕಾಫಿ ಮಾತ್ರ ಕುಡಿದಿದ್ದು" ಅನ್ನುತ್ತಾರೆ. ಹಾಲು ಸಕ್ಕರೆ ಹಾಕಿದ ಕಾಫಿ ಕುಡಿದರೆ ಅದು ಖಾಲಿ ಹೊಟ್ಟೆ ಅಲ್ಲ. ಎಂಟು ಗಂಟೆ ನೀರು ಬಿಟ್ಟು ಏನೂ ಹೋಗಿರಬಾರದು. ಅದು ಸಾಧ್ಯವಿಲ್ಲದ ಮನೆಗಳಿವೆ, ಹಸಿದರೆ ಸಿಟ್ಟಿಗೇಳುವವರಿದ್ದಾರೆ. ಅಂಥವರು ಎಚ್‌ಬಿಎ1ಸಿ ಪರೀಕ್ಷೆ ಕೇಳಿ. ಇದು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ, ಊಟ ಮಾಡಿಯೂ ಕೊಡಬಹುದು. 5.7ರ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ.

ಹಂತ 3: ಯಾರನ್ನು, ಎಲ್ಲಿ ಕೇಳಬೇಕು

ಮನೋವೈದ್ಯರು "ಶುಗರ್ ಎಲ್ಲಾ ಜನರಲ್ ಡಾಕ್ಟರ್ ನೋಡುತ್ತಾರೆ" ಅಂದುಕೊಳ್ಳುತ್ತಾರೆ. ಜನರಲ್ ಡಾಕ್ಟರು "ಮಾನಸಿಕ ವಿಭಾಗದವರು ನೋಡುತ್ತಿದ್ದಾರಲ್ಲ" ಅಂದುಕೊಳ್ಳುತ್ತಾರೆ. ನಮ್ಮವರು ನಡುವೆ ಬೀಳುತ್ತಾರೆ. ಎರಡನ್ನೂ ಸೇರಿಸುವ ಸೇತುವೆ ನಿಮ್ಮ ನೋಟ್‌ಬುಕ್ಕೇ. ಎರಡೂ ಕಡೆ ಒಂದೇ ಪುಸ್ತಕ ತೋರಿಸಿ, ಎರಡೂ ಕಡೆ ಅದರಲ್ಲೇ ಬರೆಸಿಕೊಳ್ಳಿ.

ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾಸ್ಪತ್ರೆ, ಎರಡರಲ್ಲೂ ಮಾನಸಿಕ ವಿಭಾಗ ಇದೆ, ಉಳಿದ ವಿಭಾಗಗಳೂ ಅದೇ ಆವರಣದಲ್ಲಿವೆ. ಹೋದ ದಿನವೇ ಎರಡೂ ಮುಗಿಸಿಕೊಳ್ಳಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಕ್ಲಿನಿಕ್ ಮಂಗಳವಾರ ನಡೆಯುತ್ತದೆ. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ಹೊರಡಿ, ಸುಮ್ನೆ ಬಸ್ ಚಾರ್ಜು ಕಳೆದುಕೊಳ್ಳಬೇಡಿ.

ಇನ್ನೊಂದು ಮಾತು. ಸರ್ಕಾರದ ಬಿಪಿ, ಶುಗರ್ ತಪಾಸಣೆ 30 ವರ್ಷ ದಾಟಿದವರಿಗೆ ಅಂತ ಇದೆ. ನಿಮ್ಮ ಮಗನಿಗೆ 22 ಇರಬಹುದು. ಈ ಕಾಯಿಲೆಯಲ್ಲಿ, ಈ ಮಾತ್ರೆಗಳ ಜೊತೆ, ಸಕ್ಕರೆ 30ಕ್ಕೆ ಕಾಯುವುದಿಲ್ಲ. "ಇವನು ಒಲಾಂಜಪಿನ್ ತಗೊಳ್ತಾ ಇದ್ದಾನೆ, ಅದಕ್ಕೆ ಕೇಳ್ತಿದ್ದೇನೆ" ಅಂತ ಬಾಯಿಬಿಟ್ಟು ಹೇಳಿ. ಮಾತ್ರೆಯ ಹೆಸರು ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಹಂತ 4: ಊಟ, ಕಾಫಿ, ಬೀಡಿ

ಮಾತ್ರೆಯಿಂದ ಬರುವ ಹಸಿವು ನಿಜವಾದ ಹಸಿವು. ಹೊಟ್ಟೆಬಾಕತನ ಅಲ್ಲ. ಊಟ ಮುಗಿಸಿ ಅರ್ಧ ಗಂಟೆಗೆ ಮತ್ತೆ ಅಡುಗೆಮನೆಗೆ ಬಂದು ನಿಲ್ಲುವವನನ್ನು "ಎಷ್ಟು ತಿಂತೀಯ" ಅಂತ ನೆಂಟರೆದುರು ಗದರಬೇಡಿ. ಅವಮಾನ ಆದರೆ ಕದ್ದು ತಿನ್ನುತ್ತಾರೆ, ಇಲ್ಲವೇ ಮಾತ್ರೆ ಉಗಿಯುತ್ತಾರೆ. ಎರಡೂ ನಮ್ಮ ಮನೆಯಲ್ಲಿ ಆಗಿದೆ.

ಬದಲಿಗೆ ಮನೆಯ ಅಡುಗೆಯನ್ನೇ ಸ್ವಲ್ಪ ತಿರುಗಿಸಿ. ಅವನೊಬ್ಬನಿಗೆ ಪಥ್ಯ ಅಂದರೆ ನಡೆಯುವುದಿಲ್ಲ, ಮನೆಮಂದಿಗೆಲ್ಲ ಒಂದೇ ಊಟ ಇರಲಿ. ತಟ್ಟೆಗೆ ಮೊದಲು ಪಲ್ಯ, ಸೊಪ್ಪಿನ ಸಾರು, ಕಾಳು ಬಡಿಸಿ. ಕಡುಬು, ಮುದ್ದೆ, ಅನ್ನ ಆಮೇಲೆ. ಕಡುಬನ್ನು ಎಣಿಸಿ ಬಡಿಸಿ, ಪಾತ್ರೆ ಎದುರಿಗೆ ಇಡಬೇಡಿ. "ರಾಗಿ ಮುದ್ದೆ ಎಷ್ಟು ತಿಂದರೂ ಶುಗರ್ ಏರಲ್ಲ" ಅನ್ನುವುದು ನಮ್ಮ ಹಾಸನ ಸೀಮೆಯ ದೊಡ್ಡ ತಪ್ಪು ತಿಳಿವಳಿಕೆ. ಮುದ್ದೆ ಒಳ್ಳೆಯದೇ, ಆದರೆ ಅದರಲ್ಲೂ ಇರುವುದು ಜಾಸ್ತಿ ಪಿಷ್ಟವೇ. ಒಂದು ಮಧ್ಯಮ ಮುದ್ದೆ ಸಾಕು. ಬೇಕರಿ ಬನ್ನು, ಖಾರಾ ಬಿಸ್ಕೆಟ್ಟು, ಬಾಟಲಿ ಜ್ಯೂಸು ಮನೆಗೆ ತರಲೇಬೇಡಿ. ಮನೆಯಲ್ಲಿದ್ದರೆ ರಾತ್ರಿ ಹನ್ನೊಂದಕ್ಕೆ ಖಾಲಿಯಾಗುತ್ತದೆ. ಆ ಹೊತ್ತಿನ ಹಸಿವಿಗೆ ಸೌತೆಕಾಯಿ, ಮಜ್ಜಿಗೆ, ಒಂದು ಹಿಡಿ ಹುರಿಗಡಲೆ ಕೈಗೆ ಸಿಗುವ ಹಾಗೆ ಇಡಿ.

ಕಾಫಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ನಾವು ಕಾಫಿ ಸೀಮೆಯವರು. ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ ಬರೀ ಕಾಫಿಯಲ್ಲೇ 12 ಚಮಚ ಸಕ್ಕರೆ. ಅದು ಒಂದು. ಎರಡನೆಯದು ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ. ಕಾಫಿಯಲ್ಲಿರುವ ಕೆಫೀನು ಮತ್ತು ಕ್ಲೋಜಪಿನ್, ಎರಡನ್ನೂ ಲಿವರ್ ಒಂದೇ ದಾರಿಯಲ್ಲಿ ಕರಗಿಸುತ್ತದೆ. ಕಾಫಿ ಜಾಸ್ತಿಯಾದರೆ ಮಾತ್ರೆ ಕರಗುವುದು ತಡವಾಗಿ, ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಹಾಗಂತ ಕಾಫಿ ಬಿಡಿಸಬೇಕಿಲ್ಲ. ದಿನಕ್ಕೆ ಎಷ್ಟು ಲೋಟವೋ ಅಷ್ಟೇ ಇರಲಿ, ಒಮ್ಮೆಲೇ ಏರಿಸುವುದು ಒಮ್ಮೆಲೇ ಬಿಡುವುದು ಬೇಡ. ಎಷ್ಟು ಲೋಟ ಅಂತ ಡಾಕ್ಟರಿಗೂ ಹೇಳಿ.

ಬೀಡಿ ಸಿಗರೇಟಿನ ಹೊಗೆ ಇದಕ್ಕೆ ಉಲ್ಟಾ. ಹೊಗೆ ಕ್ಲೋಜಪಿನ್ ಮತ್ತು ಒಲಾಂಜಪಿನ್ ಎರಡನ್ನೂ ಬೇಗ ಕರಗಿಸುತ್ತದೆ, ಅದರಿಂದ ಡೋಸ್ ಜಾಸ್ತಿ ಬೇಕಾಗುತ್ತದೆ. ಬಿಟ್ಟ ಕೂಡಲೇ ಅದೇ ಡೋಸ್ ಅತಿಯಾಗುತ್ತದೆ. ವಾರ್ಡಿಗೆ ಸೇರಿಸಿದಾಗ ಬೀಡಿ ಸಿಗದೆ ಮೂರ್ನಾಲ್ಕು ದಿನಕ್ಕೆ ವಿಪರೀತ ನಿದ್ದೆ, ಜೊಲ್ಲು, ತಲೆಸುತ್ತು ಶುರುವಾದರೆ ಇದೂ ಕಾರಣ ಇರಬಹುದು. ಬೀಡಿ ಬಿಡಿಸಲೇಬೇಕು, ಹೃದಯಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದರೆ ಡಾಕ್ಟರಿಗೆ ಮೊದಲೇ ತಿಳಿಸಿ ಬಿಡಿಸಿ, ಡೋಸ್ ಅವರು ಹೊಂದಿಸುತ್ತಾರೆ. ತಂಬಾಕು ಬಿಡಲು ಸಹಾಯ ಮಾಡುವ ಉಚಿತ ಫೋನ್ ನಂಬರ್ 1800-11-2356. ಹೊಗೆಸೊಪ್ಪು, ಗುಟ್ಕಾಕ್ಕೆ ಈ ಡೋಸಿನ ಲೆಕ್ಕ ಇಲ್ಲ, ಬಾಯಿ ಕ್ಯಾನ್ಸರಿನ ಲೆಕ್ಕ ಇದೆ.

ನಡಿಗೆ: ವಾರಕ್ಕೆ ಐದು ದಿನ, ಅರ್ಧ ಗಂಟೆ. "ಹೋಗಿ ವಾಕ್ ಮಾಡು" ಅಂದರೆ ಹೋಗುವುದಿಲ್ಲ. ಉತ್ಸಾಹ ಸೋರಿಹೋಗುವುದು ಈ ಕಾಯಿಲೆಯ ಲಕ್ಷಣವೇ, ಅದು ಸೋಮಾರಿತನ ಅಲ್ಲ. "ಬಾ, ಡೈರಿಗೆ ಹಾಲು ಹಾಕಿ ಬರೋಣ" ಅಂದರೆ ಬರುತ್ತಾರೆ. ಜೊತೆಗೆ ನಡೆಯಿರಿ.

ಹಂತ 5: ಅವರು ಹೇಳದೇ ಇರುವುದನ್ನು ನೀವು ನೋಡಿ

ಒಂದು ಸಲದ ಮಾತು ಹೇಳಿಬಿಡುತ್ತೇನೆ. ಕಾಫಿ ಕುಯ್ಲಿನ ಸಮಯ. ತಮ್ಮ ದಿನಾ ಗಮ್‌ಬೂಟು ಹಾಕಿಕೊಂಡು ತೋಟಕ್ಕೆ ಹೋಗಿ ಬರುತ್ತಿದ್ದ. ಒಂದು ಸಂಜೆ ಜಗುಲಿಯಲ್ಲಿ ಬೂಟು ಬಿಚ್ಚಿದಾಗ ಏನೋ ವಾಸನೆ. ಕಾಲುಚೀಲ ಅಂಗಾಲಿಗೆ ಅಂಟಿಕೊಂಡಿತ್ತು. ಬಿಸಿನೀರು ಹಾಕಿ ನೆನೆಸಿ ಬಿಡಿಸಿದೆ. ಹೆಬ್ಬೆರಳ ಬುಡದಲ್ಲಿ ಮೊಳೆ ಚುಚ್ಚಿದ ಗಾಯ, ಸುತ್ತ ಕಪ್ಪಗಾಗಿತ್ತು. "ಯಾವಾಗ ಆಯ್ತೋ?" ಅಂದೆ. "ಸ್ವಲ್ಪ ಚುಚ್ತಿತ್ತು ಅಕ್ಕ" ಅಂದ. ಐದು ದಿನ ಅದರ ಮೇಲೇ ನಡೆದಿದ್ದ. ಮಾರನೇ ದಿನ ಶುಗರ್ ನೋಡಿದರೆ 312. ಅಲ್ಲಿಯವರೆಗೆ ನಾನು ಅವನ ಸಕ್ಕರೆ ಒಂದು ಸಲವೂ ನೋಡಿಸಿರಲಿಲ್ಲ. ಬೆರಳು ಉಳಿಯಿತು, ಆದರೆ ಎರಡು ತಿಂಗಳು ಡ್ರೆಸ್ಸಿಂಗ್ ಮಾಡಿಸಬೇಕಾಯಿತು.

ಈ ಕಾಯಿಲೆ ಇರುವ ಕೆಲವರಿಗೆ ನೋವು ಮಂದವಾಗಿ ಗೊತ್ತಾಗುತ್ತದೆ. ಇನ್ನು ಕೆಲವರಿಗೆ ಗೊತ್ತಾದರೂ ಹೇಳಬೇಕು ಅನ್ನಿಸುವುದಿಲ್ಲ. ಅಪೆಂಡಿಕ್ಸ್, ಮೂಳೆ ಮುರಿತ, ಹೃದಯಾಘಾತ ಕೂಡ ಗಲಾಟೆ ಇಲ್ಲದೆ ಬರಬಹುದು. ಹಾಗಾಗಿ ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ. ನಮ್ಮಲ್ಲಿ ಭಾನುವಾರ, ಎಣ್ಣೆ ಸ್ನಾನದ ಹೊತ್ತು.

ಅಂಗಾಲು, ಬೆರಳ ಸಂದು, ಉಗುರು ನೋಡಿ. ಬಾಯಿ ತೆರೆಸಿ ಹಲ್ಲು ನೋಡಿ, ಬಾಯಿ ಒಣಗುವ ಮಾತ್ರೆಗಳಿಂದ ಹುಳುಕು ಬೇಗ ಬರುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ, ಕ್ಷಯ ಇರಬಹುದು. ಪದೇಪದೇ ನೀರು ಕುಡಿಯುವುದು, ಪದೇಪದೇ ಮೂತ್ರಕ್ಕೆ ಏಳುವುದು ಕಂಡರೆ ಸಕ್ಕರೆ ನೋಡಿಸಿ. ಸಕ್ಕರೆ ಸರಿಯಿದ್ದೂ ಬಿಂದಿಗೆಗಟ್ಟಲೆ ನೀರು ಕುಡಿಯುವವರಿದ್ದಾರೆ. ಅದರಿಂದ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಆಗ ಸೋಡಿಯಂ ಪರೀಕ್ಷೆ ಕೇಳಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಾಚಿಕೆ ಬೇಡ. ರಿಸ್ಪೆರಿಡೋನ್, ಅಮಿಸಲ್ಪ್ರೈಡ್, ಹ್ಯಾಲೋಪೆರಿಡಾಲ್‌ನಿಂದ ಮುಟ್ಟು ನಿಲ್ಲಬಹುದು, ಎದೆಯಲ್ಲಿ ಹಾಲು ಬರಬಹುದು. ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಏರುವುದರಿಂದ ಹೀಗಾಗುತ್ತದೆ. ಬಸಿರು ಅಂತ ಸಂಶಯ ಪಟ್ಟು ಮಗಳನ್ನು ಹೊಡೆದ ಮನೆಯನ್ನೂ ನಾನು ಕಂಡಿದ್ದೇನೆ. ಡಾಕ್ಟರಿಗೆ ಹೇಳಿದರೆ ಇದಕ್ಕೆ ದಾರಿ ಇದೆ. ಇನ್ನು ಮಗು ಆಗುವ ವಯಸ್ಸಿನವರಿಗೆ ವಾಲ್ಪ್ರೊಯೇಟ್ (ಫಿಟ್ಸ್‌ಗೂ ಮನಸ್ಸಿನ ಏರಿಳಿತಕ್ಕೂ ಕೊಡುವ ಮಾತ್ರೆ) ಕೊಡುತ್ತಿದ್ದರೆ, ಅದು ಹೊಟ್ಟೆಯೊಳಗಿನ ಮಗುವಿಗೆ ಅಪಾಯ. ಮದುವೆಯ ಮಾತು ಬಂದ ಕೂಡಲೇ ಡಾಕ್ಟರ ಹತ್ತಿರ ಮಾತಾಡಿ.

ಹಂತ 6: ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ

ಬೇರೆ ಮಾತ್ರೆಗಳಿಗೆ ಬಗ್ಗದ ಕಾಯಿಲೆಗೆ ಕೊಡುವ ಒಳ್ಳೆಯ ಔಷಧಿ ಇದು. ತಮ್ಮನೂ ಇದರಿಂದಲೇ ಮತ್ತೆ ತೋಟಕ್ಕೆ ಇಳಿದದ್ದು. ಆದರೆ ಇದಕ್ಕೆ ಕಾವಲು ಬೇಕು.

ಅಪರೂಪಕ್ಕೆ ಇದು ರಕ್ತದ ಬಿಳಿಕಣಗಳನ್ನು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಕಣಗಳನ್ನು, ಇಳಿಸಿಬಿಡುತ್ತದೆ. ಅದಕ್ಕೇ ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿಕಣದ ಒಟ್ಟು ಲೆಕ್ಕ (ಶೇಕಡಾ ಲೆಕ್ಕ ಅಲ್ಲ) 1,500ಕ್ಕಿಂತ ಕೆಳಗಿದ್ದರೆ ಅದೇ ದಿನ ಡಾಕ್ಟರಿಗೆ ತಿಳಿಸಿ.

ಜ್ವರ ಅಥವಾ ಗಂಟಲು ನೋವು ಬಂದರೆ ಮನೆಯಲ್ಲಿ ಕಷಾಯ ಕೊಟ್ಟು ಕಾಯಬೇಡಿ. ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ನಮ್ಮ ಕಡೆ ಇದಕ್ಕೆ ಇನ್ನೂ ಒಂದು ಕಾರಣ ಇದೆ. ಡೆಂಗಿಯಲ್ಲೂ ಬಿಳಿಕಣ ಇಳಿಯುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನಲ್ಲಿ ಬೇಸಿಗೆಗೆ ಮುಂಚೆಯೇ ಶುರುವಾಗುವ ಮಂಗನ ಕಾಯಿಲೆಯಲ್ಲೂ ಇಳಿಯುತ್ತದೆ. ಜ್ವರ ಯಾವುದು, ಮಾತ್ರೆಯ ಪರಿಣಾಮ ಯಾವುದು ಅಂತ ಡಾಕ್ಟರಿಗೆ ಗೊತ್ತಾಗಬೇಕಾದರೆ ಕ್ಲೋಜಪಿನ್ ಹೆಸರು ನೀವು ಹೇಳಲೇಬೇಕು. ಕಾಡಿಗೆ ಹೋಗಿದ್ದರೆ, ಉಣ್ಣೆ ಕಚ್ಚಿದ್ದರೆ ಅದನ್ನೂ ಹೇಳಿ.

ಮಲಬದ್ಧತೆಯನ್ನು ಸಣ್ಣದು ಅಂದುಕೊಳ್ಳಬೇಡಿ. ಈ ಮಾತ್ರೆಯಲ್ಲಿ ಕರುಳಿನ ಚಲನೆ ನಿಧಾನವಾಗಿ, ಕೊನೆಗೆ ನಿಂತೇ ಹೋಗಿ ಪ್ರಾಣಕ್ಕೆ ಕುತ್ತು ಬಂದದ್ದಿದೆ. ಎರಡು ದಿನ ಆಗದಿದ್ದರೆ ಡಾಕ್ಟರಿಗೆ ಹೇಳಿ ಔಷಧಿ ತನ್ನಿ, ಬರೀ ಬಾಳೆಹಣ್ಣು ನಂಬಬೇಡಿ. ಹೊಟ್ಟೆ ಉಬ್ಬಿ ವಾಂತಿ ಬಂದರೆ ನೇರ ಆಸ್ಪತ್ರೆಗೆ. ಶುರುವಿನ ಒಂದೆರಡು ತಿಂಗಳಲ್ಲಿ ಎದೆನೋವು, ಏದುಸಿರು, ಎದೆಬಡಿತ ಕಂಡರೂ ಹಾಗೆಯೇ. ಹೃದಯದ ಸ್ನಾಯು ಊದಿಕೊಂಡಿರಬಹುದು.

48 ಗಂಟೆಗಿಂತ ಜಾಸ್ತಿ ಮಾತ್ರೆ ತಪ್ಪಿದ್ದರೆ ಹಳೆಯ ಡೋಸನ್ನು ನೀವೇ ಮತ್ತೆ ಶುರು ಮಾಡಬೇಡಿ. ಸಣ್ಣ ಡೋಸಿನಿಂದ ಏರಿಸಿಕೊಂಡು ಬರಬೇಕಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು, ಗುಡ್ಡ ಜರಿದು ರಸ್ತೆ ಮುಚ್ಚುವುದು ನಮಗೆ ಹೊಸದಲ್ಲ. ಜೂನ್ ಬರುವ ಮೊದಲೇ ಹತ್ತು ದಿನಕ್ಕಾಗುವಷ್ಟು ಮಾತ್ರೆ ಜಾಸ್ತಿ ತಂದಿಡಿ.

ಹಂತ 7: ಇದ್ದಕ್ಕಿದ್ದಂತೆ ಬದಲಾದರೆ

ಕಾಯಿಲೆ ಮರುಕಳಿಸುವುದು ಸಾಮಾನ್ಯವಾಗಿ ನಿಧಾನ. ನಿದ್ದೆ ಕೆಡುತ್ತದೆ, ಗೊಣಗಾಟ ಶುರುವಾಗುತ್ತದೆ, ಸಂಶಯ ಬರುತ್ತದೆ, ದಿನ ವಾರ ಹಿಡಿಯುತ್ತದೆ. ಆದರೆ ನಿನ್ನೆ ಸರಿಯಿದ್ದವರು ಇವತ್ತು ಯಾವ ಊರು, ಎಷ್ಟು ಹೊತ್ತು ಅಂತ ತಿಳಿಯದೆ ಗೊಂದಲದಲ್ಲಿದ್ದರೆ, ಗಳಿಗೆಗೊಮ್ಮೆ ಬದಲಾಗುತ್ತಿದ್ದರೆ, ರಾತ್ರಿ ಜಾಸ್ತಿಯಾದರೆ, ಮೈಯಲ್ಲಿ ಏನೋ ಆಗಿದೆ ಅಂತ ತಿಳಿಯಿರಿ. ಸೋಂಕು, ಸಕ್ಕರೆಯ ಏರಿಳಿತ, ಸೋಡಿಯಂ ಇಳಿದದ್ದು, ತಲೆಗೆ ಪೆಟ್ಟು, ಏನೂ ಇರಬಹುದು. ಮಾನಸಿಕ ಮಾತ್ರೆ ಜಾಸ್ತಿ ಮಾಡಿ ಮಲಗಿಸುವ ಹೊತ್ತಲ್ಲ ಅದು.

ಜೋರು ಜ್ವರ, ಮರದಂತೆ ಬಿಗಿದ ಮೈ, ಬೆವರು, ಮಂಕು, ಇವು ಒಟ್ಟಿಗೆ ಬಂದರೆ ಮಾತ್ರೆಯ ಅಪರೂಪದ ಆದರೆ ಅಪಾಯಕಾರಿ ಪರಿಣಾಮ ಇರಬಹುದು. ಮುಂದಿನ ಮಾತ್ರೆ ಕೊಡಬೇಡಿ, 108ಕ್ಕೆ ಫೋನ್ ಮಾಡಿ. ಕತ್ತು ಒಂದು ಕಡೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ ಗಾಬರಿ ಬೇಡ, ದೃಷ್ಟಿ ತೆಗೆಯುತ್ತಾ ಕೂರಲೂಬೇಡಿ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ನಿಗೆ ಸರಿಹೋಗುತ್ತದೆ.

ತುರ್ತು ವಿಭಾಗದಲ್ಲಿ ಏನು ಹೇಳಬೇಕು ಅನ್ನುವುದನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ. ಒಂದು ಕಡೆ ನಮ್ಮನ್ನು "ಇದು ಅವರ ಹಳೇ ಕಾಯಿಲೆನೇ" ಅಂತ ಮುಟ್ಟಿಯೂ ನೋಡದೆ ಕಳಿಸಿದ್ದರು. ಆಮೇಲೆ ನಾನು ಹೇಳುವ ಕ್ರಮ ಬದಲಿಸಿದೆ. ಮೊದಲು ಮೈಯ ತೊಂದರೆ, ಆಮೇಲೆ ಮನಸ್ಸಿನದು:

"ಡಾಕ್ಟ್ರೇ, ನಿನ್ನೆ ರಾತ್ರಿಯಿಂದ ಎದೆ ಹಿಡ್ಕೊಂಡು ಕೂತಿದ್ದಾನೆ, ಬೆವರ್ತಿದ್ದಾನೆ. ಹೀಗೆ ಯಾವತ್ತೂ ಆಗಿಲ್ಲ. ಶುಗರ್ ಇದೆ. ಸ್ಕಿಜೋಫ್ರೇನಿಯಾ ಇದೆ, ಅದು ಹತೋಟಿಯಲ್ಲಿದೆ, ಮಾತ್ರೆ ಪಟ್ಟಿ ಇಲ್ಲಿದೆ. ಒಂದು ಇಸಿಜಿ ಮಾಡಿ ನೋಡಿ."

ಆಗಲೂ ಕೇಳದಿದ್ದರೆ ಮೆತ್ತಗೆ ಕಾನೂನು ನೆನಪಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಮಾನಸಿಕ ಕಾಯಿಲೆ ಇರುವವರನ್ನು ಮೈ ಕಾಯಿಲೆ ಇರುವವರಿಗೆ ಸಮನಾಗಿ ನೋಡಬೇಕು. ತುರ್ತು ಚಿಕಿತ್ಸೆ, ಆಂಬುಲೆನ್ಸ್ ಎರಡಕ್ಕೂ ಇದು ಅನ್ವಯ. ಆರೋಗ್ಯ ವಿಮೆಯಲ್ಲೂ ಮಾನಸಿಕ ಚಿಕಿತ್ಸೆಗೆ ಸಮಾನ ಸ್ಥಾನ ಕೊಡಬೇಕು ಅಂತ ಅದೇ ಸೆಕ್ಷನ್ನಿನಲ್ಲಿದೆ. ಜಗಳದ ದನಿಯಲ್ಲಿ ಬೇಡ. ಅವರಿಗೂ ಎದುರಿಗೆ ನೂರು ಜನ ನಿಂತಿರುತ್ತಾರೆ.

ಹಂತ 8: ಆಪರೇಷನ್, ಬೇರೆ ಔಷಧಿ

ಹರ್ನಿಯಾ ಇರಲಿ, ಹಲ್ಲು ಕೀಳಿಸುವುದಿರಲಿ, ಮಾನಸಿಕ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅರಿವಳಿಕೆ ಕೊಡುವ ಡಾಕ್ಟರಿಗೆ ಪಟ್ಟಿ ತೋರಿಸಿ, ಅವರು ಹೇಳಿದಂತೆ ಮಾಡಿ. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆಯೂ ಇದ್ದರೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ನೋವಿನ ಮಾತ್ರೆ ತರಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದವು ಲಿಥಿಯಂ ಪ್ರಮಾಣವನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು.

ಹಂತ 9: ನೋಟ್‌ಬುಕ್ ಇನ್ನೊಬ್ಬರಿಗೂ ಗೊತ್ತಿರಲಿ

ನಿಮಗೇ ಹುಷಾರು ತಪ್ಪಿದರೆ? ಮದುವೆಗೆ ಅಂತ ನೀವು ಮೂರು ದಿನ ಬೆಂಗಳೂರಿಗೆ ಹೋದರೆ? ಮನೆಯಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಪುಸ್ತಕದ ಒಂದೊಂದು ಪುಟ ತೋರಿಸಿ. ಫೈಲು ಎಲ್ಲಿದೆ, ಮಾತ್ರೆ ಡಬ್ಬಿ ಎಲ್ಲಿದೆ, ಯಾವ ಡಾಕ್ಟರು, ಯಾವ ಫೋನು. ಸಾಧ್ಯವಾದರೆ ಕಾಯಿಲೆ ಇರುವವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ಮೈ, ಅವರ ಪುಸ್ತಕ. ತಮ್ಮ ಈಗ ತೂಕವನ್ನು ತಾನೇ ಬರೆಯುತ್ತಾನೆ. ಒಂದು ತಿಂಗಳು ಬರೆದದ್ದು ಕಡಿಮೆ ಇದೆ ಅನ್ನಿಸಿ ಮತ್ತೆ ಯಂತ್ರದ ಮೇಲೆ ನಿಲ್ಲಿಸಿದೆ. ಅವನು ಸರಿಯಾಗೇ ಬರೆದಿದ್ದ.

ಕೊನೆಯ ಪುಟದಲ್ಲಿ ಈ ನಂಬರುಗಳನ್ನು ದೊಡ್ಡದಾಗಿ ಬರೆದಿಡಿ: ಆಂಬುಲೆನ್ಸ್ 108. ಹಗಲು ರಾತ್ರಿ ಯಾವಾಗ ಬೇಕಾದರೂ ಮಾನಸಿಕ ಆರೋಗ್ಯದ ಬಗ್ಗೆ ಉಚಿತವಾಗಿ ಮಾತಾಡಬಹುದಾದ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಅದರ ಕೆಳಗೆ.